ಬುಂದಿಗೆ ಔಷಧ ಹಚ್ಚಿದವನು ನಾನು

ಆಗ ನಮ್ಮ ಗಬ್ಬೂರಿಗೂ ಹುಬ್ಬಳ್ಳಿಗೂ ನಡುವೆ ಬರೀ ಹೊಲಗಳಿದ್ದವು. ಬೈಪಾಸ್ ಇರಲಿಲ್ಲ, ಲಾರಿಗಳ ಸಾಲು ಇರಲಿಲ್ಲ. ನಸುಕಿನಲ್ಲಿ ನಮ್ಮಪ್ಪ ಸೈಕಲ್ಲಿನ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಕೇಶ್ವಾಪುರದ ಕಡೆ ಹೊರಟರೆ, ಆ ಕ್ಯಾನುಗಳ ಸಪ್ಪಳ ಹೊಲ ದಾಟುವವರೆಗೂ ಮನೆಯಲ್ಲಿ ಕೇಳುತ್ತಿತ್ತು. ನನ್ನ ವಾರಗೆಯವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ಎಮ್ಮೆಯ ಮೈಯ ಬಿಸಿ ವಾಸನೆ, ಕುಳ್ಳಿನ ಹೊಗೆ, ಒಲೆಯ ಮೇಲೆ ಕೆನೆಗಟ್ಟುವ ಹಾಲು ಅವರಿಗೂ ನೆನಪಿರುತ್ತವೆ. ಆದರೆ ನಾನು ಬರೆಯಲು ಕುಳಿತದ್ದು ಆ ಸುಖವನ್ನು ನೆನೆಯಲಿಕ್ಕಲ್ಲ. ನನಗೆ ಹನ್ನೊಂದು ವರ್ಷವಿದ್ದಾಗ, ಒಂದು ಶ್ರಾವಣದಲ್ಲಿ, ನಾನು ಒಂದು ನಾಯಿಯನ್ನು ಕೊಂದೆ. ಆ ತಪ್ಪನ್ನು ಕಾಸೀಮ ಕಾಕಾ ತಮ್ಮ ಮೇಲೆ ಹಾಕಿಕೊಂಡರು. ಅರವತ್ತು ವರ್ಷ ಅದು ಅವರ ಹೆಸರಿಗೇ ಅಂಟಿಕೊಂಡಿತ್ತು. ಅದನ್ನು ಬಿಡಿಸುವುದು ನನ್ನ ಕೆಲಸ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಕೊಟ್ಟಿಗೆಗೆ ಹೊಂದಿ ಒಂದು ಬೇವಿನ ಮರ. ಅದರ ಕೆಳಗೆ ಕಾಸೀಮ ಕಾಕಾನ ಸೈಕಲ್ ರಿಪೇರಿ ಅಂಗಡಿ. ಅಂಗಡಿ ಎಂದರೆ ನಾಲ್ಕು ತಗಡು, ಒಂದು ಪಂಪು, ಪಂಕ್ಚರ್ ನೋಡಲು ನೀರು ತುಂಬಿಟ್ಟ ಒಂದು ಬೋಗುಣಿ. ಹಿಂದೆಯೇ ಒಂದು ಖೋಲಿಯಲ್ಲಿ ಅವರೂ ಅವರ ಮಗಳು ಮುಮ್ತಾಜಳೂ ಇದ್ದರು. ಹೆಂಡತಿ ತೀರಿಹೋಗಿದ್ದರು. ಮುಮ್ತಾಜ ನನಗಿಂತ ಒಂದು ವರ್ಷಕ್ಕೆ ದೊಡ್ಡವಳು, ಸಾಲಿಯಲ್ಲಿ ಒಂದೇ ಇಯತ್ತೆ. ಪಂಚಮಿಗೆ ನಮ್ಮ ಮನೆಯಿಂದ ಉಂಡಿಯ ತಾಟು ಅವರಲ್ಲಿಗೆ ಹೋಗುತ್ತಿತ್ತು, ರಮಜಾನಿಗೆ ಅವರಿಂದ ಸುರಕುಂಬಾ ಪಾಯಸದ ಪಾತ್ರೆ ನಮ್ಮಲ್ಲಿಗೆ ಬರುತ್ತಿತ್ತು.

ಬುಂದಿ ಹೆಣ್ಣು ನಾಯಿ. ಹಳದಿ ಮೈ, ಮೇಲೆ ಕಾಳು ಚೆಲ್ಲಿದಂತೆ ಕಂದು ಚುಕ್ಕೆ. ಹೆಸರಿಟ್ಟವಳು ಮುಮ್ತಾಜ. ಉಣ್ಣುವುದು ನಮ್ಮಲ್ಲಿ, ಮಜ್ಜಿಗೆಯಲ್ಲಿ ನೆನೆಸಿದ ರೊಟ್ಟಿ. ಮಲಗುವುದು ಅವರ ತಗಡಿನ ಕೆಳಗೆ. ಯಾರ ನಾಯಿ ಎಂದು ಕೇಳಿದರೆ ಎರಡೂ ಮನೆಯವರು ನಮ್ಮದು ಎನ್ನುತ್ತಿದ್ದೆವು.

ಆ ವರ್ಷ ಮಳೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಬಂತು. ಹುಲ್ಲು ಎದ್ದಂತೆ ಉಣ್ಣಿಯೂ ಎದ್ದವು. ಎಮ್ಮೆಗಳ ಕೆಚ್ಚಲಿನಲ್ಲಿ, ಬಾಲದ ಬುಡದಲ್ಲಿ, ರಕ್ತ ಕುಡಿದು ಔಡಲ ಬೀಜದಷ್ಟು ಉಬ್ಬಿ ಜೋತಾಡುತ್ತಿದ್ದವು. ಬುಂದಿ ಆಗಷ್ಟೇ ನಾಲ್ಕು ಮರಿ ಹಾಕಿದ್ದಳು. ಕಿವಿಯ ಒಳಗೆ, ಕಾಲ್ಬೆರಳ ಸಂದಿಯಲ್ಲಿ, ಹೊಟ್ಟೆಯ ಮೇಲೆ ಎಲ್ಲಿ ನೋಡಿದರೂ ಉಣ್ಣಿ. ಮರಿಗಳು ಹಾಲು ಕುಡಿಯುತ್ತಿದ್ದವು, ಉಣ್ಣಿ ರಕ್ತ ಕುಡಿಯುತ್ತಿದ್ದವು. ಬುಂದಿಯ ಎಲುಬು ಎಣಿಸುವಂತಾಗಿತ್ತು.

ಅಪ್ಪ ಹುಬ್ಬಳ್ಳಿಯ ದನದ ದವಾಖಾನೆಯಿಂದ ಎಮ್ಮೆಗೆಂದು ಒಂದು ಬಾಟಲಿ ಔಷಧ ತಂದ. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ. ಹಾಕಿದ ಕೂಡಲೇ ನೀರು ಬೆಳ್ಳಗೆ, ಥೇಟ್ ಹಾಲಿನ ಹಾಗೆ ಆಗುತ್ತಿತ್ತು. ಎರಡು ದಿನಕ್ಕೆ ಉಣ್ಣಿ ಒಣಗಿ ಉದುರಿದವು. ಅದನ್ನು ನೋಡಿ ಕಾಕಾ ಕೇಳಿದರು.

“ಅಣ್ಣಾರ, ಇದು ನಮ್ಮ ಬುಂದಿಗೂ ನಡೀತೈತೇನು, ದವಾಖಾನ್ಯಾಗ ಒಂದು ಮಾತು ಕೇಳ್ಕೊಂಡು ಬರ್ರಿ.”

ಮರುದಿನ ಅಪ್ಪ ಕೇಳಿಕೊಂಡು ಬಂದ. “ಹಾಲು ಕುಡಿಸೋ ನಾಯಿಗೆ ಬ್ಯಾಡಂತ ಕಾಸೀಮ. ಅವು ಮೈ ನೆಕ್ಕತಾವ, ವಿಷ ಹೊಟ್ಟಿಗೆ ಹೋಗತೈತಿ ಅಂದ್ರು ಕಂಪೌಂಡರು. ಮರಿ ಹಾಲು ಬಿಟ್ಟ ಮ್ಯಾಲೆ ಕರಕೊಂಡು ಬರ್ರಿ, ತೂಕಾ ನೋಡಿ ಅಳತಿ ಹೇಳತೇನಿ ಅಂದಾರ.”

“ಹಂಗಾರ ಕೈಲೇನ ತಗಿಯೂಣು ಬಿಡ್ರಿ. ಉಣ್ಣಿಗೂ ನಮಗೂ ಒಂದು ತಿಂಗಳ ಕುಸ್ತಿ,” ಎಂದು ಕಾಕಾ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ಬಸ್ಯಾ, ಮುಂಜಾನಿ ನಂದು ಪಾಳಿ, ಸಂಜೀಕ ನಿಂದು. ಮುಮ್ತಾಜ ತಲಿ ಹಿಡೀತಾಳ.”

ಅವರು ಕಲಿಸಿದ ರೀತಿ ನನಗೆ ಈಗಲೂ ಕೈಯಲ್ಲಿದೆ. ಸಣ್ಣ ಚಿಮಟಾದಿಂದ ಉಣ್ಣಿಯನ್ನು ಚರ್ಮಕ್ಕೆ ಹತ್ತಿರ ಹಿಡಿಯಬೇಕು, ನೆಟ್ಟಗೆ ಮೇಲಕ್ಕೆ, ನಿಧಾನವಾಗಿ ಎತ್ತಬೇಕು. ಒಂದು ಹಳೆಯ ಪಂಕ್ಚರ್ ಸಲೂಷನ್ ಡಬ್ಬಿಯಲ್ಲಿ ಸೀಮೆಎಣ್ಣೆ ಇಟ್ಟಿರುತ್ತಿದ್ದರು, ತೆಗೆದದ್ದನ್ನು ಅದರಲ್ಲಿ ಹಾಕಬೇಕು.

“ಜಗ್ಗಬ್ಯಾಡಲೇ! ಜಗ್ಗಿದ್ರ ತಲಿ ಒಳಗ ಉಳೀತೈತಿ, ಹುಣ್ಣಾಗತೈತಿ. ಸಾವಕಾಶ.”

“ಕಾಕಾ, ಇವು ಮುಗಿಯೂದ ಇಲ್ಲೇನು?”

“ಮುಗೀತಾವೋ. ನಿನ್ನ ಗಣಿತದ ಪುಸ್ತಕಕ್ಕಿಂತ ಮೊದಲ ಮುಗೀತಾವ.”

ಮುಮ್ತಾಜ ಬುಂದಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಸಿಕಿಸಿ ನಗುತ್ತಿದ್ದಳು. ನಾನು ಹತ್ತು ದಿನ ಮಾಡಿದೆ. ದಿನಕ್ಕೆ ನಲವತ್ತು, ಐವತ್ತು. ಹನ್ನೊಂದನೆಯ ದಿನಕ್ಕೆ ಪಂಚಮಿ ಬಂತು.

ನಮ್ಮ ಕಡೆ ಪಂಚಮಿ ಎಂದರೆ ಹುಡುಗರಿಗೆ ಹಿಂದೆ ಮುಂದೆ ಕಾಣುವುದಿಲ್ಲ. ಹಬ್ಬದ ಹಿಂದಿನ ದಿನ ರೊಟ್ಟಿ ಹಬ್ಬ. ಮನೆ ತುಂಬ ಎಳ್ಳು ಹಚ್ಚಿದ ಖಟಿ ರೊಟ್ಟಿ, ಮಡಕೆಕಾಳಿನ ಪಲ್ಯ, ಶೇಂಗಾ ಹಿಂಡಿ. ಡಬ್ಬಿಗಳಲ್ಲಿ ಉಂಡಿ. ಊರ ನಡುವಿನ ಆಲದ ಮರಕ್ಕೆ ಜೋಕಾಲಿ. ಗಂಡುಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರನೆ ತಿರುಗಿಸುತ್ತ ಓಣಿ ಓಣಿ ಸುತ್ತುತ್ತಿದ್ದರು. ರೊಟ್ಟಿ ಹಬ್ಬದ ಆ ಮಧ್ಯಾಹ್ನ ಕಾಕಾ ಅಂಗಡಿಯ ಸಾಮಾನು ತರಲು ಹುಬ್ಬಳ್ಳಿಗೆ ಹೋಗಿದ್ದರು. ಹಬ್ಬಕ್ಕೆ ರಿಬ್ಬನ್ ಕೊಡಿಸುತ್ತೇನೆಂದು ಮುಮ್ತಾಜಳನ್ನೂ ಕರೆದುಕೊಂಡು ಹೋಗಿದ್ದರು. ನಾನೊಬ್ಬನೇ ಚಿಮಟಾ ಹಿಡಿದು ಬುಂದಿಯ ಮುಂದೆ ಕುಳಿತಿದ್ದೆ. ನಮ್ಮ ಓಣಿಯ ಈರ್‍ಯಾ ಬಂದು ನಿಂತ.

“ಬಸ್ಯಾ, ಉಣ್ಣಿ ಆರಿಸ್ಕೋತ ಕುಂತೀಯೇನಲೇ? ಜೋಕಾಲಿಗೆ ಬರ್ತೀಯೋ, ಸೀರಿ ಉಟ್ಕೊಂಡು ಇಲ್ಲೇ ಕುಂಡ್ರತೀಯೋ?”

ಅವನು ಹೋದ. ನಾನು ಎದ್ದು ಕೊಟ್ಟಿಗೆಯ ಗೂಡಿನಲ್ಲಿದ್ದ ಬಾಟಲಿ ತೆಗೆದೆ.

ಬೇಡ ಎಂದಿದ್ದು ನನಗೆ ಗೊತ್ತಿತ್ತು. ಮರೆತಿದ್ದೆ ಎಂದು ಬರೆದರೆ ಈ ವಯಸ್ಸಿನಲ್ಲಿ ಇನ್ನೊಂದು ಸುಳ್ಳಾಗುತ್ತದೆ. ಎಮ್ಮೆಗೆ ಆಗುವುದು ನಾಯಿಗೆ ಯಾಕೆ ಆಗಬಾರದು ಎಂದುಕೊಂಡೆ. ಬಕೆಟ್ ಎತ್ತುವುದು ಭಾರ ಎಂದು ಕಾಕಾನ ಬೋಗುಣಿಯಲ್ಲಿ ಎರಡು ತಂಬಿಗೆ ನೀರು ಹಾಕಿದೆ. ಔಷಧ ಮಾತ್ರ ಬಕೆಟ್ಟಿಗೆ ಹಾಕುವಷ್ಟೇ, ಒಂದು ಮುಚ್ಚಳ. ನೀರು ಹಾಲಿನಂತೆ ಬೆಳ್ಳಗಾಯಿತು.

ನಮ್ಮದು ಹೈನಿನ ಮನೆ. ಬಾಗಿಲಿಗೆ ಬಂದವರಿಗೆ ಅವ್ವ ಪಾವಿನಿಂದ ಹಾಲು ಅಳೆದು ಹಾಕಿದ ಮೇಲೆ ಕೊಸರು ಹಾಕದೆ ಕೈ ತೆಗೆದವಳಲ್ಲ. ಅಳತೆ ಮುಗಿದ ಮೇಲೂ ಒಂದು ಸಣ್ಣ ಧಾರೆ ಹೆಚ್ಚಿಗೆ ಬಿಡುವುದೇ ಕೊಸರು. ನನ್ನ ಕೈಗೂ ಅದನ್ನೇ ಕಲಿಸಿದ್ದಳು. “ಅಳದಷ್ಟ ಹಾಕಿ ನಿಲ್ಲಿಸಬಾರದೋ, ಹೈನಕ್ಕ ಒಳ್ಳೇದಾಗಂಗಿಲ್ಲ,” ಎನ್ನುತ್ತಿದ್ದಳು. ಆ ಬೆಳ್ಳನೆಯ ನೀರಿನ ಮುಂದೆ ನನ್ನ ಕೈ ತಾನಾಗಿಯೇ ಬಾಟಲಿಯನ್ನು ಇನ್ನೊಮ್ಮೆ ಬಗ್ಗಿಸಿತು. ಕೊಸರು ಹಾಕಿದೆ. ಬುಂದಿಗೆ ಒಳ್ಳೆಯದಾಗಲಿ ಎಂದೇ ಹಾಕಿದೆ.

ಗೋಣಿತಟ್ಟಿನ ತುಂಡು ಅದ್ದಿ ಅವಳ ಬೆನ್ನು, ಕಿವಿ, ಹೊಟ್ಟೆ ಎಲ್ಲ ಉಜ್ಜಿದೆ. ಮೂಗಿಗೆ ಘಾಟು ಹೊಡೆಯುತ್ತಿತ್ತು. ಬುಂದಿ ಓಡಲಿಲ್ಲ, ಬಾಲ ಅಲ್ಲಾಡಿಸುತ್ತ ನಿಂತಳು. ಬೋಗುಣಿ ತೊಳೆದಿಟ್ಟು, ಬಾಟಲಿ ಗೂಡಿಗೆ ಸೇರಿಸಿ, ಜೋಕಾಲಿಗೆ ಓಡಿದೆ. ಹೊರಡುವಾಗ ಮರಿಗಳು ಕುಂಯ್‌ಗುಡುತ್ತ ಅವಳ ಹೊಟ್ಟೆಯ ಕೆಳಗೆ ಸೇರುತ್ತಿದ್ದವು.

ದೀಪ ಹಚ್ಚುವ ಹೊತ್ತಿಗೆ ಮರಳಿ ಬಂದೆ. ಕಾಕಾ ಬಂದಿದ್ದರು, ಒಳಗೆ ಅಡುಗೆ ಮಾಡುತ್ತಿದ್ದರು. ಮುಮ್ತಾಜ ಕೆಂಪು ರಿಬ್ಬನ್ ಕಟ್ಟಿಕೊಂಡು ಹೊಸ್ತಿಲ ಮೇಲೆ ಕುಳಿತಿದ್ದಳು.

“ಬಸ್ಯಾ, ಬುಂದಿ ಯಾಕೋ ಜೊಲ್ಲು ಸುರಸಾಕತ್ತಾಳ ನೋಡೋ.”

ನೋಡಿದೆ. ಬುಂದಿ ತನ್ನ ಹೊಟ್ಟೆಯನ್ನು ನೆಕ್ಕುತ್ತಿದ್ದಳು, ನಿಲ್ಲಿಸಿ ಮತ್ತೆ ನೆಕ್ಕುತ್ತಿದ್ದಳು. ಹಿಂಗಾಲು ಸಣ್ಣಗೆ ನಡುಗುತ್ತಿದ್ದವು. ನನಗೆ ತಿಳಿಯಿತು. ಒಂದು ಮಾತು ಹೇಳಿದ್ದರೆ ಕಾಕಾ ಒಲೆ ಬಿಟ್ಟು ಓಡಿ ಬರುತ್ತಿದ್ದರು.

“ಯಾರರ ಉಂಡಿ ಹಾಕಿರಬೇಕು. ಸಿಹಿ ತಿಂದ್ರ ಹಂಗ ಆಗತೈತಿ,” ಎಂದೆ. ಮನೆಗೆ ಹೋಗಿ ರೊಟ್ಟಿ ಉಂಡೆ.

ಬೆಳಿಗ್ಗೆ ಎದ್ದಾಗ ಬುಂದಿ ಒಂದು ಮಗ್ಗುಲಿಗೆ ಬಿದ್ದು ಕಾಲು ಸೆಟೆದು ಒದ್ದಾಡುತ್ತಿದ್ದಳು. ಒಂದು ಮರಿ ಆಗಲೇ ಸತ್ತಿತ್ತು. ಕಾಕಾ ಅವಳ ಮೈಯನ್ನು ಮೂಸಿ ನೋಡಿ, ಸಬಕಾರ ಹಚ್ಚಿ ತೊಳೆಯತೊಡಗಿದರು. ನೀರು ಹಾಕುತ್ತಲೇ ನನ್ನನ್ನು ಕೇಳಿದರು.

“ನಿನ್ನಿ ಎಷ್ಟು ತಗದಿಯೋ ಬಸ್ಯಾ?”

“ನಲವತ್ತು, ಕಾಕಾ.”

ಅವರು ಸೀಮೆಎಣ್ಣೆಯ ಡಬ್ಬಿಯನ್ನು ನೋಡಿದರು. ಹಬ್ಬವೆಂದು ಅದನ್ನು ಹಿಂದಿನ ಮುಂಜಾನೆ ತಮ್ಮ ಪಾಳಿ ಮುಗಿದ ಮೇಲೆ ತೊಳೆದು ಹೊಸ ಎಣ್ಣೆ ಹಾಕಿಟ್ಟಿದ್ದರು. ಎಣ್ಣೆ ತಿಳಿಯಾಗಿತ್ತು, ಒಂದು ಉಣ್ಣಿಯೂ ಇರಲಿಲ್ಲ. ಮತ್ತೆ ನನ್ನ ಕಡೆ ನೋಡಲಿಲ್ಲ. ಬುಂದಿಯನ್ನು ಗೋಣಿಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹುಬ್ಬಳ್ಳಿಯ ಕಡೆ ಜೋರಾಗಿ ತುಳಿಯುತ್ತ ಹೋದರು. ತುಸು ಹೊತ್ತಿಗೇ ಮರಳಿ ಬಂದರು. ಬರುವಾಗ ಸೈಕಲ್ ತುಳಿಯುತ್ತಿರಲಿಲ್ಲ, ತಳ್ಳಿಕೊಂಡು ಬರುತ್ತಿದ್ದರು. ಅದನ್ನು ದೂರದಿಂದ ನೋಡಿಯೇ ಮುಮ್ತಾಜ ಅಳತೊಡಗಿದಳು.

ಅಷ್ಟರಲ್ಲಿ ಅಪ್ಪ ಗೂಡಿನಲ್ಲಿದ್ದ ಬಾಟಲಿಯಲ್ಲಿ ಔಷಧ ಕಡಿಮೆಯಾದದ್ದನ್ನು ನೋಡಿದ್ದ. ಹೆಂಗಸರು ನಾಗಪ್ಪನಿಗೆ ಹಾಲೆರೆದು ಬರುವ ಹೊತ್ತು, ಓಣಿಯಲ್ಲಿ ಜನ ಇದ್ದರು. ಅಪ್ಪ ಬಾಟಲಿ ಹಿಡಿದುಕೊಂಡೇ ಹೊರಗೆ ಬಂದ.

“ಕಾಸೀಮ, ಬ್ಯಾಡಂತ ನಾನ ಬಂದು ಹೇಳಿದ್ನಿಲ್ಲೋ? ನನ್ನ ಕೊಟಗ್ಯಾಗ ಕೈ ಹಾಕಿ, ಕದ್ದು ಹಚ್ಚಿದೇನು? ಮರಿ ಇದ್ದ ತಾಯಿಗೆ?”

ಕಾಕಾ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದರು. ಆಗ ನನ್ನನ್ನು ನೋಡಿದರು. ನಾನು ಅಪ್ಪನ ಹಿಂದೆ ನಿಂತಿದ್ದೆ. ಅಪ್ಪನ ಕೈ ಎಂಥದೆಂದು, ಎಮ್ಮೆಯ ಹಗ್ಗ ಎಲ್ಲಿರುತ್ತದೆಂದು ಕಾಕಾನಿಗೆ ಗೊತ್ತಿತ್ತು. ಒಂದು ಸಲ ಆ ಏಟಿನಿಂದ ನನ್ನನ್ನು ಬಿಡಿಸಿದವರೂ ಅವರೇ. ಅವರು ಕಾಯುತ್ತಿದ್ದಾರೆ ಎಂದು ನನಗನ್ನಿಸಿತು. ನಾನು ಬಾಯಿ ತೆರೆಯಲಿಲ್ಲ.

“ಹೌದ್ರಿ ಅಣ್ಣಾರ,” ಎಂದರು. “ನಾನ ಹಚ್ಚೇನಿ. ತಪ್ಪಾತು.”

“ಅಬ್ಬಾ!” ಎಂದು ಮುಮ್ತಾಜ ಚೀರಿದಳು. ಬಂದು ಎರಡೂ ಮುಷ್ಟಿಯಿಂದ ಅವರ ಹೊಟ್ಟೆಗೆ ಗುದ್ದಿದಳು. “ನೀ ಕೊಂದಿ! ನೀನ ಬ್ಯಾಡ ಅಂತಿದ್ದಿ, ನೀನ ಕೊಂದಿ!” ಕಾಕಾ ಅವಳ ಕೈ ಹಿಡಿಯಲಿಲ್ಲ. ಅವಳಿಗೆ ಸಾಕಾಗುವವರೆಗೂ ನಿಂತುಕೊಂಡರು.

ಆ ವರ್ಷ ಉಂಡಿಯ ತಾಟು ಅವರಲ್ಲಿಗೆ ಹೋಗಲಿಲ್ಲ. ಇನ್ನೊಂದು ಮರಿ ಎರಡು ದಿನದ ಮೇಲೆ ಸತ್ತಿತು. ಉಳಿದೆರಡನ್ನು ಕಾಕಾ ಬಟ್ಟೆಯ ಬತ್ತಿಯಿಂದ ಹಾಲು ಕುಡಿಸಿ ಬದುಕಿಸಿ, ಕುರಿಯವರಿಗೆ ಕೊಟ್ಟರು. ಆ ಹಾಲನ್ನು ಬೇರೆ ಓಣಿಯಿಂದ ತರುತ್ತಿದ್ದರು, ನಮ್ಮಪ್ಪ ಕೊಡಬೇಡವೆಂದಿದ್ದ. ಮುಂದಿನ ಬೇಸಗೆಗೆ ಅವರು ಅಂಗಡಿ ಕಿತ್ತು ಹುಬ್ಬಳ್ಳಿಗೆ ಹೋದರು.

ನಾನು ಮ್ಯಾಟ್ರಿಕ್ ಮುಗಿಸಿ ಹುಬ್ಬಳ್ಳಿಯ ಒಂದು ಜವಳಿ ಅಂಗಡಿಗೆ ಸೇರಿ ನಲವತ್ತು ವರ್ಷ ದುಡಿದೆ. ಕಾಕಾನ ಸೈಕಲ್ ಅಂಗಡಿ ನಾನು ಓಡಾಡುವ ಹಾದಿಯಲ್ಲೇ ಇತ್ತು. ನಾನು ಬೇರೆ ಗಲ್ಲಿ ಹಿಡಿದು ಹೋಗುತ್ತಿದ್ದೆ. ಒಂದು ಸಲ ಮಾತ್ರ, ಮದುವೆಯಾದ ಹೊಸತರಲ್ಲಿ, ಅವರ ಅಂಗಡಿಯ ಹತ್ತಿರವೇ ನನ್ನ ಚಕ್ರ ಪಂಕ್ಚರ್ ಆಯಿತು. ಅವರೇ ಕರೆದರು. “ಬಾರೋ ಬಸ್ಯಾ, ದೊಡ್ಡಾವ ಆಗೀಯಲ್ಲೋ.” ಪಂಕ್ಚರ್ ಹಾಕಿದರು, ಅವ್ವನ ಬಗ್ಗೆ ಕೇಳಿದರು. ನಾನು ಧೈರ್ಯ ಮಾಡಿ, “ಕಾಕಾ, ಬುಂದಿ…” ಎಂದೆ.

“ಪಂಪ್ ಹಿಡಿ,” ಎಂದರು. ಗಾಳಿ ತುಂಬಿದ ಮೇಲೆ ಚಕ್ರವನ್ನು ಒತ್ತಿ ನೋಡಿ, “ಹೋಗು, ಹೊತ್ತಾಗತೈತಿ,” ಎಂದರು. ನಾನು ಅದನ್ನು ಕ್ಷಮೆ ಎಂದುಕೊಂಡೆ. ನನಗೆ ಬೇಕಾದ್ದೂ ಅದೇ ಆಗಿತ್ತು. ಅವರು ತೀರಿಕೊಂಡು ಈಗ ಹತ್ತು ಹನ್ನೆರಡು ವರ್ಷವಾಗಿರಬೇಕು. ಮಣ್ಣಿಗೂ ನಾನು ಹೋಗಲಿಲ್ಲ.

ಹೋದ ಶ್ರಾವಣದಲ್ಲಿ ಮೊಮ್ಮಗಳು ಸಾಕಿದ ನಾಯಿಮರಿಗೆ ಉಣ್ಣಿ ಕಂಡವು. ಚಿಂಟು ಎಂದು ಅದರ ಹೆಸರು. ಅಂಗಡಿಯಲ್ಲಿ ಏನೋ ಪುಡಿ ಕೊಡುತ್ತಾರೆ, ತಂದು ಉದುರಿಸೋಣ ಎಂದು ಅಳಿಯ ಅಂದ. ನಾನು ಕೂಗಾಡಿಬಿಟ್ಟೆ. ಮನೆಯವರಿಗೆ ಆಶ್ಚರ್ಯ. ಕೊನೆಗೆ ನಾನೇ ದೇಶಪಾಂಡೆ ನಗರದ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಮರಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಎಷ್ಟು ತಿಂಗಳು, ಹಿಂದೆ ಎಂದಾದರೂ ಫಿಟ್ಸ್ ಬಂದಿದೆಯೇ, ಮನೆಯಲ್ಲಿ ಬೆಕ್ಕು ಇದೆಯೇ ಎಂದೆಲ್ಲ ಕೇಳಿದರು. ತಿನ್ನಿಸುವ ಗುಳಿಗೆ ಇದೆ, ಕುತ್ತಿಗೆಯ ಹಿಂದೆ ಬಿಡುವ ಹನಿ ಇದೆ, ಕಟ್ಟುವ ಪಟ್ಟಿ ಇದೆ. ಯಾವುದೇ ಆದರೂ ತೂಕಕ್ಕೂ ವಯಸ್ಸಿಗೂ ತಕ್ಕದ್ದಿರಬೇಕು, ಮಲಗುವ ಜಾಗ ತೊಳೆಯಬೇಕು, ದಿನಾ ಕೈಯಿಂದ ಕಿವಿ ಬೆರಳು ತಡವಿ ನೋಡುವುದನ್ನು ಬಿಡಬಾರದು ಎಂದರು.

“ದನದ ಔಷಧ ಒಟ್ಟ ಹಚ್ಚಬ್ಯಾಡ್ರಿ ಅಜ್ಜಾರ. ಇವತ್ತೂ ಹಚ್ಚಿ ಕರಕೊಂಡು ಬರತಾರ, ಜೊಲ್ಲು ಸುರಿಸಿಕೋತ.”

“ಅಳತಿಗಿಂತ ಹೆಚ್ಚು ಹಚ್ಚಿದ್ರ?” ಎಂದು ಕೇಳಿದೆ. “ಮರಿ ಇದ್ದ ತಾಯಿ ಆಗಿದ್ರ? ಅದು ಉಳೀತಿರಲಿಲ್ಲ, ಹೌದಲ್ರಿ?”

“ಹಂಗೇನಿಲ್ರಿ. ಜೊಲ್ಲು ಸುರದ ಮೊದಲನೇ ತಾಸಿನ್ಯಾಗ ಬಂದು, ಇಂಥಾದ್ದು ಇಷ್ಟು ಹಚ್ಚೇವಿ ಅಂತ ಖರೇ ಹೇಳಿಬಿಟ್ರ, ಲಗೂನ ತೊಳದು, ಔಷಧ ಕೊಟ್ಟು, ಎಷ್ಟೋ ಉಳಿಸೇವಿ. ಹೇಳಂಗಿಲ್ರಿ ಮಂದಿ. ಮುಚ್ಚಿಡತಾರ.”

ಅಲ್ಲಿಯವರೆಗೆ ನಾನು ನನಗೇ ಹೇಳಿಕೊಂಡದ್ದು ಒಂದೇ: ಹುಡುಗನ ಕೈ, ಕೊಸರು ಹಾಕಿತು, ತಪ್ಪಾಯಿತು. ಆದರೆ ಬುಂದಿಯನ್ನು ಕೊಂದದ್ದು ಆ ಕೈಯಲ್ಲ. ಸಂಜೆ ಹೊಸ್ತಿಲ ಮುಂದೆ ನಿಂತು ಉಂಡಿ ಎಂದು ಹೇಳಿದ ಬಾಯಿ.

ಮುಮ್ತಾಜ ಈಗ ಗಬ್ಬೂರಿನಲ್ಲೇ ಇದ್ದಾಳೆ. ಬೈಪಾಸಿನ ಬದಿಗೆ ಅವಳ ಮಗ ರಫೀಕನ ಗ್ಯಾರೇಜು ಇದೆ. ಮರುದಿನವೇ ಹೋದೆ. ಅವಳು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಶೇಂಗಾ ಒಡೆಯುತ್ತಿದ್ದಳು. ಕನ್ನಡಕ ಸರಿಮಾಡಿಕೊಂಡು ನೋಡಿ, “ಬಸ್ಯಾ ಏನೋ? ಹಲ್ಲೆಲ್ಲಿ ಕಳಕೊಂಡಿ?” ಎಂದು ನಕ್ಕಳು. ಕುಳಿತುಕೊಳ್ಳದೆ, ನಿಂತಲ್ಲೇ, ಎಲ್ಲವನ್ನೂ ಹೇಳಿದೆ. ಅವಳ ಕೈ ಶೇಂಗಾದ ಮೇಲೆ ನಿಂತಿತು.

ಕನ್ನಡಕ ತೆಗೆದು ಅವಳು ಹೇಳಿದಳು. “ಅಬ್ಬಾ ತೀರ್ಕೊಳ್ಳೋ ಹಿಂದಿನ ವರ್ಷ ರಫೀಕ ಒಂದು ನಾಯಿಮರಿ ತಂದಿದ್ದ. ಅದರ ಕಿವ್ಯಾಗ ಉಣ್ಣಿ. ಅಬ್ಬಾಗ ಕಣ್ಣು ಕಾಣ್ತಿರಲಿಲ್ಲ, ತೊಡಿ ಮ್ಯಾಲೆ ಇಟ್ಕೊಂಡು ಬೆರಳಿಲೆ ತಡವಿ ತಡವಿ ತಗಿಯಾಕತ್ತಿದ್ದ. ನಾನು ಕಸಗೊಂಡೆ. ನೀ ಮುಟ್ಟಬ್ಯಾಡ, ನಿನ್ನ ಕೈ ನಂಗೊತ್ತೈತಿ ಅಂದೆ.”

“ಕಾಕಾ ಏನಂದ್ರು?”

“ಏನಂತಾನ? ಕೈ ಒರಸ್ಕೊಂಡ. ‘ಹೂಂ, ನೀನ ನೋಡವ್ವಾ’ ಅಂದ.”

ಆಮೇಲೆ ಅವಳು ಎದ್ದು ಗ್ಯಾರೇಜಿನ ಕಡೆ ಕೂಗಿದಳು. “ರಫೀಕ, ಕೈಯಾಗಿನ ಪಾನಾ ಕೆಳಗಿಡು. ಹುಡುಗರನ್ನೂ ಕರಕೊಂಡು ಬಾ.” ನನ್ನ ಕಡೆ ತಿರುಗಿದಳು. “ಅಬ್ಬಾ ಓಣಿ ಮುಂದ ಒಪ್ಪಿಕೊಂಡಿದ್ದ. ನೀ ನನ್ನ ಕಿವ್ಯಾಗಷ್ಟ ಹೇಳಿ ಹೋಗಬ್ಯಾಡ. ಇನ್ನೊಮ್ಮೆ ಹೇಳು.”

ಐದಾರು ಜನ ಕೈಗೆ ಎಣ್ಣೆ ಮೆತ್ತಿಕೊಂಡು ಬಂದು ನಿಂತರು. ನಾನು ಇನ್ನೊಮ್ಮೆ ಹೇಳಿದೆ. ಬಾಟಲಿ, ಬೋಗುಣಿ, ಕೊಸರು, ಉಂಡಿ, ನಲವತ್ತು ಎಂದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ರಫೀಕ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. “ನಮ್ಮ ಅಜ್ಜಗ ನಾಯಿ ಅಂದ್ರ ಸೇರಂಗಿಲ್ಲ ಅಂತ ತಿಳಕೊಂಡಿದ್ದೆ,” ಎಂದಷ್ಟೇ ಹೇಳಿ ಒಳಗೆ ಹೋದ.

ಆ ಬೇವಿನ ಮರ ನಿಂತಿದ್ದ ಜಾಗ ಯಾವುದೆಂದು ಹೊರಗೆ ಬಂದಾಗ ಹುಡುಕಿದೆ, ಗುರುತು ಸಿಗಲಿಲ್ಲ. ಟೈರುಗಳ ರಾಶಿ, ಡಾಬಾ, ಧೂಳು. ನಮ್ಮ ಕೊಟ್ಟಿಗೆ ಹೋಗಿದೆ, ಅಪ್ಪ ಅವ್ವ ಹೋಗಿದ್ದಾರೆ. ಈ ಲುಕ್ಸಾನು ಎಲ್ಲರ ಬಾಲ್ಯಕ್ಕೂ ಆಗುವಂಥದು, ಅದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಆದರೆ ಎರಡು ಮನೆಗಳ ನಡುವೆ ತಾಟು ಪಾತ್ರೆ ಓಡಾಡುತ್ತಿದ್ದ ಹಾದಿಯನ್ನು ಮುಚ್ಚಿದ್ದು ರಸ್ತೆಯಲ್ಲ. ಒಬ್ಬ ಮಗಳು ತನ್ನ ಅಪ್ಪನ ಕೈಗೆ ಹೆದರಿಕೊಂಡು ಐವತ್ತು ವರ್ಷ ಬದುಕಿದ್ದು ಕಾಲದ ಮಹಿಮೆಯಲ್ಲ.

ಹೊರಡುವಾಗ ಕೈ ಮುಗಿದು, “ಮುಮ್ತಾಜ, ಮಾಫ್ ಮಾಡು,” ಎಂದಿದ್ದೆ.

ಅವಳು ಅಳುತ್ತಿರಲಿಲ್ಲ. ಉಡಿಯಲ್ಲಿದ್ದ ಸಿಪ್ಪೆಯನ್ನು ಕೊಡವುತ್ತ ಹೇಳಿದಳು. “ನೀ ನನ್ನ ಕೇಳಾಕ ಬಂದಿ ಬಸ್ಯಾ. ನಾ ಯಾರನ್ನ ಕೇಳಾಕ ಹೋಗ್ಲಿ?”